ಆಟಿಯ ಮೆಂತೆ ಗಂಜಿ ನಮ್ಮ ಹೋಟೆಲುಗಳಿಗೂ ಬರಲಿ

ಆಟಿ ತಿಂಗಳು ಬಂತೆಂದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ನಮ್ಮವರ ಸಂಘ-ಸಂಸ್ಥೆಗಳಲ್ಲಿ 'ಆಟಿಡೊಂಜಿ ದಿನ'ದ ಗೌಜಿ. ಪತ್ರೊಡೆ, ತಿಮರೆ ಚಟ್ನಿ ಎಲ್ಲವೂ ಎಲೆಗೆ ಬರುತ್ತವೆ. ಮರುದಿನ ನಮ್ಮ ಹೋಟೆಲುಗಳ ಮೆನು ಕಾರ್ಡ್ ನೋಡಿದರೆ ಆಟಿಯ ಸುಳಿವೂ ಇಲ್ಲ. ಮಳೆಯಲ್ಲಿ ನೆನೆದು ಬಂದ ಗಿರಾಕಿ "ಬಿಸಿಬಿಸಿ ಏನಿದೆ?" ಎಂದರೆ ನಾವು ಕೊಡುವುದು ಮಾಂಚೋ ಸೂಪ್!

ಈ ಮಾಂಚೋ ಸೂಪ್ ನಮ್ಮ ದೇಶದ ಚೈನೀಸ್ ಅಡಿಗೆಯದು. ಚೀನೀಯರ ಮನೆಗಳಲ್ಲಿ, ಅದರಲ್ಲೂ ಕ್ಯಾಂಟನ್ ಕಡೆ, 'ತೊಂಗ್ ಸುಯಿ' ಎಂಬ ಸಿಹಿ ಸೂಪ್‌ಗಳುಂಟು. ಹಾಗೆಂದರೆ ಸಕ್ಕರೆ ನೀರು. ಸೆಕೆಗಾಲಕ್ಕೆ ತಂಪೆಂದು ಹೆಸರುಕಾಳಿನದು, ಪುಷ್ಟಿಗೆಂದು ಕರಿ ಎಳ್ಳಿನದು. ಮೊದಲು ಆಹಾರದಿಂದ ಗುಣಪಡಿಸಲು ನೋಡಬೇಕು, ಆಗದಿದ್ದರೆ ಮಾತ್ರ ಔಷಧಿ ಎಂಬುದು 7ನೇ ಶತಮಾನದ ಚೀನೀ ವೈದ್ಯ ಸುನ್ ಸಿಮಿಯಾವ್ ಅವರ ಮತ. ಉಷ್ಣ, ತಂಪು ನೋಡಿ ಉಣ್ಣಿ ಎಂದು ನಮ್ಮ ಅಜ್ಜಿಯಂದಿರೂ ಹೇಳುತ್ತಿದ್ದುದು ಇದನ್ನೇ ಅಲ್ಲವೇ?

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಊರಿನಲ್ಲಿ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಹಿ ಕಷಾಯ ಕುಡಿಸುತ್ತಾರೆ. ಕಷಾಯ ಉಷ್ಣವೆಂದು ಅದರ ಬೆನ್ನಿಗೇ ತಂಪಿಗೆ ಮೆಂತೆ ಗಂಜಿ. ಮುಖ ಕಿವುಚಿಕೊಂಡು ಕಷಾಯ ಕುಡಿದ ಮಕ್ಕಳು ಕಾಯುತ್ತಿದ್ದುದು ಈ ಗಂಜಿಗಾಗಿ. ನಮ್ಮ ಸಿಹಿ ಸೂಪ್ ಇದೇ.

ಸುಮಾರು 25 ಬಟ್ಟಲಿಗೆ ಅರ್ಧ ಕಿಲೊ ಕುಚ್ಚಲಕ್ಕಿ, 50 ಗ್ರಾಂ ಮೆಂತೆ, ಅರ್ಧ ಕಿಲೊ ಬೆಲ್ಲ, ಎರಡು ದೊಡ್ಡ ತೆಂಗಿನಕಾಯಿ ಸಾಕು. ಮೆಂತೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿದರೆ ಕಹಿ ಇಳಿಯುತ್ತದೆ. ಅಕ್ಕಿ, ಮೆಂತೆ ಎರಡನ್ನೂ ಮೂರು ಲೀಟರ್ ನೀರಿನಲ್ಲಿ ಮೆತ್ತಗೆ ಬೇಯಿಸಿ. ಬೇಕಾದರೆ ಬಿಸಿನೀರು ಸೇರಿಸಿ. ಬೆಲ್ಲವನ್ನು ಕರಗಿಸಿ, ಸೋಸಿ, ಅಕ್ಕಿ ಪೂರ್ತಿ ಬೆಂದ ಮೇಲೆಯೇ ಹಾಕಬೇಕು. ಮೊದಲೇ ಹಾಕಿದರೆ ಅಕ್ಕಿ ಬೇಯುವುದಿಲ್ಲ. ತೆಳು ಹಾಲು ಹಾಕಿ ಕುದಿಸಿ, ಚಿಟಿಕೆ ಉಪ್ಪು ಹಾಕಿ. ದಪ್ಪ ಹಾಲು ಕೊನೆಗೆ, ಒಲೆ ಆರಿಸಿದ ಮೇಲೆ. ಆಮೇಲೆ ಕುದಿಸಿದರೆ ಹಾಲು ಒಡೆಯುತ್ತದೆ.

ಹೋಟೆಲಿನಲ್ಲಿ ಮಾಡುವಾಗ ಮೂರು ಎಚ್ಚರಿಕೆ ಬೇಕು. ಒಂದು, ಕಾಯಿಹಾಲು ಬೇಗ ಹಳಸುವ ವಸ್ತು. ಬೆಂದ ಗಂಜಿಯನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬಿಸಿಯಾಗಿಟ್ಟು, ಹಾಲನ್ನು ಆಯಾ ಹೊತ್ತಿಗೆ ಬೇಕಾದಷ್ಟಕ್ಕೇ ಬೆರೆಸಿ. ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ. ಎರಡು, ಉತ್ಸಾಹದಲ್ಲಿ ಕಷಾಯ ಕೊಡಲು ಹೋಗಬೇಡಿ. ಹಾಲೆಯೆಂದು ತಪ್ಪಿ ಕಾಸರಕದ ತೊಗಟೆ ಬಂದರೆ ಗಿರಾಕಿಯ ಜೀವಕ್ಕೇ ಅಪಾಯ. ಮರ ಬಲ್ಲವರಿಲ್ಲದ ಪೇಟೆಯಲ್ಲಿ ಗಂಜಿ ಮಾತ್ರ ಸಾಕು. ಮೂರು, ಬೋರ್ಡಿನಲ್ಲಿ "ಸಕ್ಕರೆ ಕಾಯಿಲೆಗೆ ರಾಮಬಾಣ" ಎಂದು ಬರೆಯಬೇಡಿ. ಮೆಂತೆ ಇದ್ದರೇನು, ಬೆಲ್ಲವೂ ಅಕ್ಕಿಯೂ ಇವೆಯಲ್ಲ! ಮಧುಮೇಹಿಗಳು ನಂಬಿ ಕುಡಿದರೆ ಪಾಪ ನಮ್ಮದೇ. ಮೇಲಾಗಿ 2006ರ ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ.

"ಇಲ್ಲಿನವರು ಕುಡಿಯುತ್ತಾರಾ?" ಎಂಬ ಸಂಶಯ ಸಹಜ. ಕೊಂಕಣದ ಮರಾಠಿ ಗಿರಾಕಿಗೆ 'ಪೇಜ್' ಎಂದರೆ ಗಂಜಿಯೇ, ವಿವರಿಸಿ ಹೇಳಬೇಕಾಗಿಲ್ಲ. ಮೊದಲ ವಾರ ಬೆಳಗಿನ ತಿಂಡಿಯ ಹೊತ್ತಿಗೆ 25 ಬಟ್ಟಲು ಮಾತ್ರ ಮಾಡಿ, ಖಾಯಂ ಗಿರಾಕಿಗಳಿಗೆ ಸಣ್ಣ ಲೋಟದಲ್ಲಿ ರುಚಿ ತೋರಿಸಿ. ಖರ್ಚಾದರೆ ಹೆಚ್ಚಿಸಿ. ಕ್ಯಾಟರಿಂಗ್ ನಡೆಸುವವರು ಆಟಿಯ ಕಾರ್ಯಕ್ರಮಗಳಲ್ಲಿ ಸೂಪಿನ ಜಾಗದಲ್ಲಿ ಇದನ್ನು ಸೂಚಿಸಬಹುದು.

ಇಡ್ಲಿ-ಸಾಂಬಾರನ್ನು ಮುಂಬಯಿಗರ ನಾಲಿಗೆಗೆ ಹಿಡಿಸಿದವರು ನಮ್ಮ ಹಿರಿಯರು. ಗಂಜಿಯನ್ನು ಬಡವರ ಊಟವೆಂದು ನಾವೇ ಅಡಿಗೆಮನೆಯಲ್ಲಿ ಅಡಗಿಸಿಟ್ಟರೆ ನಮ್ಮ ಮಕ್ಕಳಿಗೆ ಅದರ ರುಚಿ ತೋರಿಸುವವರು ಯಾರು? ಈ ಆಟಿಯಲ್ಲಿ ಒಂದು ಹಂಡೆ ಒಲೆಗಿಡೋಣ.