ದಿನಕ್ಕೆ ಎಷ್ಟು ನೀರು ಬೇಕು?

ದಿನಕ್ಕೆ ಎಂಟು ಲೋಟ ನೀರು ಕುಡಿಯಲೇಬೇಕೆಂಬ ಮಾತು ಎಲ್ಲರ ಬಾಯಲ್ಲೂ ಇದೆ. ಇದರ ಮೂಲವೆಂದು ಸಾಮಾನ್ಯವಾಗಿ ತೋರಿಸುವುದು 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿ ಹೇಳಿದ ಎರಡೂವರೆ ಲೀಟರಿನ ಲೆಕ್ಕವನ್ನು. ಅದರ ಬಹುಪಾಲು ಉಣ್ಣುವ ಆಹಾರದಲ್ಲೇ ಇರುತ್ತದೆಂದು ಮಂಡಳಿ ಅಲ್ಲೇ ಬರೆದಿತ್ತು. ಜನ ಅದನ್ನು ಮರೆತರು. ಗಂಜಿ, ಸಾರು, ಮಜ್ಜಿಗೆ ಎಲ್ಲದರಲ್ಲೂ ನೀರುಂಟು. ನಮ್ಮ ಕಾಫಿಯೂ ಲೆಕ್ಕಕ್ಕುಂಟು; ರೂಢಿಯಿದ್ದವರಿಗೆ ಮಿತವಾದ ಕಾಫಿಯಿಂದ ಮೈ ಒಣಗುವುದಿಲ್ಲ! ನೆರಳಲ್ಲಿ ಕೂತು ಲೆಕ್ಕ ಬರೆಯುವ ಆರೋಗ್ಯವಂತರು ಬಾಯಾರಿದಾಗ ಕುಡಿದರೆ ಸಾಕು.

ಬಿಸಿಲಲ್ಲಿ ದುಡಿಯುವವರ ಸಂಗತಿ ಬೇರೆ. ಕಾಫಿ ಹಣ್ಣು ಕೊಯ್ಯುವವರು, ಅಡಿಕೆ ಮರ ಹತ್ತುವ ಕೊನೆಗಾರರು ಬಾಯಾರುವವರೆಗೆ ಕಾಯಬಾರದು. ಸೆಕೆಯ ಹೊತ್ತಿನಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ಬೇಕು. ಒಮ್ಮೆಲೇ ಚೆಂಬುಗಟ್ಟಲೆ ಕುಡಿಯುವುದು ತರವಲ್ಲ. ಮೂತ್ರ ಗಾಢ ಹಳದಿಯಾಗುವುದು ನೀರು ಸಾಲದೆಂಬುದರ ಸೂಚನೆ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಹೃದಯ, ಮೂತ್ರಪಿಂಡದ ಕಾಯಿಲೆಯವರು ಮಾತ್ರ ವೈದ್ಯರನ್ನು ಕೇಳಿಯೇ ಕುಡಿಯಲಿ.

ಕೊಯ್ಲಿಗೆ ಬರುವ ಹೆಂಗಸರು ಬೇಕೆಂದೇ ನೀರು ಬಿಡುವುದುಂಟು. ತೋಟದಲ್ಲಿ ಮರೆಯ ಜಾಗವಿಲ್ಲದಿರುವುದೇ ಕಾರಣ. ಉರಿಮೂತ್ರದ ಬಾಧೆಗೆ ಇದು ದಾರಿ. ಕೊಯ್ಲಿಗೆ ಚೀಲ, ಬುಟ್ಟಿ ಹೊಂದಿಸಿಕೊಳ್ಳುವ ಬೆಳೆಗಾರರು ಅದರೊಂದಿಗೇ ಕಾಯಿಸಿ ಆರಿಸಿದ ನೀರಿನ ಕೊಡವನ್ನು ಕೆಲಸ ನಡೆಯುವಲ್ಲಿಯೇ ಇರಿಸಲಿ. ಬಾಗಿಲಿರುವ ಪಾಯಿಖಾನೆಯೊಂದನ್ನೂ ಕಟ್ಟಿಸಲಿ.