ಪೊರಕೆ ಕೋಲಿನ ಪರೀಕ್ಷೆ

ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ದಿನವೂ ರಸ್ತೆಯಲ್ಲಿ ಓಡಿಸುವ ಸ್ವಂತ ಕಾರನ್ನೇ, ಶುಲ್ಕ ಕಟ್ಟಿ ರೇಸ್ ಟ್ರ್ಯಾಕ್‌ನಲ್ಲಿ ಓಡಿಸಿ ಖುಷಿಪಡುವ ದಿನ. ಟ್ರೋಫಿ ಇಲ್ಲ, ಬಹುಮಾನವಿಲ್ಲ. ಅಮೆರಿಕದ ಹವ್ಯಾಸಿಗಳಿಗೆ ಅಚ್ಚುಮೆಚ್ಚು, 1989ರಲ್ಲಿ ಬಂದ ಮಾಜ್ದಾ ಮಿಯಾಟಾ. ಎರಡೇ ಸೀಟು, ಮಡಚುವ ಬಟ್ಟೆಯ ಚಾವಣಿ. ಮಗುಚಿದರೆ ತಲೆಯ ಗತಿ?

ಅದಕ್ಕೇ ಅಲ್ಲಿನ ಅನೇಕ ಕ್ಲಬ್‌ಗಳು ಇಂಥ ಕಾರುಗಳಿಗೆ ರೋಲ್ ಬಾರ್ ಕೇಳುತ್ತವೆ. ಸೀಟಿನ ಹಿಂದೆ ಕಮಾನಿನಂತೆ ನಿಲ್ಲುವ ಉಕ್ಕಿನ ಪೈಪ್ ಅದು. ಎತ್ತರ ಸಾಕೇ ಎಂದು ನೋಡಲು ಕಂಪ್ಯೂಟರ್ ಬೇಡ, ಪೊರಕೆ ಕೋಲು ಸಾಕು! (ನಮ್ಮ ತೆಂಗಿನ ಕಡ್ಡಿ ಪೊರಕೆಯಲ್ಲ, ಉದ್ದ ಹಿಡಿಯದ್ದು.) ಚಾಲಕ ಹೆಲ್ಮೆಟ್ ಹಾಕಿ, ಬೆಲ್ಟ್ ಬಿಗಿದು ಕೂರಬೇಕು. ಕೋಲಿನ ಒಂದು ತುದಿ ರೋಲ್ ಬಾರ್ ಮೇಲೆ, ಇನ್ನೊಂದು ಮುಂಗಾಜಿನ ಚೌಕಟ್ಟಿನ ಮೇಲೆ. ಹೆಲ್ಮೆಟ್ ತಗುಲಿದರೆ ಫೇಲ್. ಒಂದೇ ಕಾರಿನಲ್ಲಿ ಕುಳ್ಳಗಿನ ಅಕ್ಕ ಪಾಸು, ಆರಡಿ ತಮ್ಮ ನಪಾಸು.

ನಾವು ಕಾಲೇಜಿನಲ್ಲಿ ಕಟ್ಟುತ್ತಿರುವ ಫಾರ್ಮುಲಾ ಸ್ಟೂಡೆಂಟ್ ಕಾರಿಗೂ ಇದೇ ಲೆಕ್ಕ. ಚಾಲಕನ ಹಿಂದೊಂದು, ಮುಂದೊಂದು ಉಕ್ಕಿನ ಕಮಾನು; ಎರಡರ ತುದಿ ಸೇರಿಸುವ ಗೆರೆಗಿಂತ ಹೆಲ್ಮೆಟ್ ಕನಿಷ್ಠ 50 ಮಿ.ಮೀ. ಕೆಳಗಿರಬೇಕು. 25.4 ಮಿ.ಮೀ. ಹೊರವ್ಯಾಸ, 2.4 ಮಿ.ಮೀ. ದಪ್ಪದ ಗೋಡೆಯ ಪೈಪ್ ಬಳಸುತ್ತಿದ್ದೇವೆ. ಅಂದಕ್ಕೆಂದು ಮಾರುವ ಫಳಫಳ ಕ್ರೋಮ್ ಬಾರ್‌ಗಳಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಅವು ಫೋಟೊಗೆ ಸರಿ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೆಲ್ಟ್. ಚೆನ್ನೈ ಬಳಿಯ ಇರುಂಗಾಟುಕೊಟ್ಟೈ ಟ್ರ್ಯಾಕ್‌ಗೆ ಹೋಗಲು ಹೊರಟಿದ್ದ ಗೆಳೆಯನ ಅಣ್ಣ, ತನ್ನ ಹ್ಯಾಚ್‌ಬ್ಯಾಕ್‌ಗೆ ಆನ್‌ಲೈನ್‌ನಲ್ಲಿ ನಾಲ್ಕು ಪಟ್ಟಿಯ ರೇಸಿಂಗ್ ಬೆಲ್ಟ್ ತರಿಸಿದ್ದರು. ರೋಲ್ ಬಾರ್ ಇಲ್ಲ. ಕಂಪನಿಯ ಮೂಲ ಬೆಲ್ಟ್ ಒಂದೇ ಭುಜ ಹಿಡಿಯುತ್ತದೆ. ಮಗುಚಿ ಚಾವಣಿ ಕುಸಿದರೆ ಮೈ ಪಕ್ಕಕ್ಕೆ ವಾಲಲು ಒಂದಿಷ್ಟು ಜಾಗ ಸಿಗುತ್ತದೆ. ರೇಸಿಂಗ್ ಬೆಲ್ಟ್ ಎರಡೂ ಭುಜ ಬಿಗಿದು ನೆಟ್ಟಗೆ ಕೂರಿಸುತ್ತದೆ. ಕುಸಿದು ಬರುವ ತಗಡಿಗೆ ಎದುರಾಗುವುದು ನೇರ ಕತ್ತು. ಜತೆಗೆ ಭುಜದ ಪಟ್ಟಿ ಕಟ್ಟಲು ಹಿಂದೆ ಸರಿಯಾದ ಎತ್ತರದಲ್ಲಿ ಗಟ್ಟಿ ಅಡ್ಡಪೈಪ್ ಬೇಕು. ಅದಕ್ಕೇ ಬಾರ್, ಬೆಲ್ಟ್, ಸೀಟು ಮೂರನ್ನೂ ಒಂದೇ ಸೆಟ್ ಎಂದು ನೋಡುವ ಕ್ಲಬ್‌ಗಳಿವೆ.

ಹಾಗೆಂದು ರೋಲ್ ಬಾರ್ ಹಾಕಿಸಿಬಿಡಿ ಎನ್ನಲೂ ಧೈರ್ಯ ಬರಲಿಲ್ಲ. ಸೋಮವಾರ ಅದೇ ಕಾರಿನಲ್ಲಿ ಹೆಲ್ಮೆಟ್ ಇಲ್ಲದೆ ಆಫೀಸಿಗೆ ಹೋಗಬೇಕಲ್ಲ? ಹಿಂದಿನಿಂದ ಯಾರಾದರೂ ಗುದ್ದಿದರೆ ಆ ಪೈಪೇ ಬುರುಡೆಗೆ ಬಡಿಯಬಹುದು. ಇದೆಲ್ಲ ಹೇಳಿದಾಗ ಅಣ್ಣನಿಗೆ ಮೊದಲು ಸಿಟ್ಟೇ ಬಂತು: ‘ನೀನಿನ್ನೂ ಐದನೇ ಸೆಮಿಸ್ಟರ್ ಕಣೋ.’ ಆದರೂ ಟ್ರ್ಯಾಕ್‌ನಲ್ಲಿ ಮೂಲ ಬೆಲ್ಟನ್ನೇ ಹಾಕಿಕೊಂಡರು. ಎಂಟು ಸಾವಿರದ ಕೆಂಪು ಬೆಲ್ಟ್ ಇನ್ನೂ ಡಿಕ್ಕಿಯಲ್ಲಿದೆ.