ವಿಶ್ವವಿದ್ಯಾನಿಲಯದಲ್ಲೊಂದು ತವರುಮನೆ

'ಗುರುಕುಲ'ವೆಂಬ ಮಾತಿನಲ್ಲಿ 'ಕುಲ'ವೆಂದರೆ ವಂಶವೆಂದು ಮಾತ್ರವಲ್ಲ, ಮನೆಯೆಂದೂ ಅರ್ಥವುಂಟು. ಶಿಷ್ಯನಾದವನು ಗುರುವಿನ ಪಾಠದೊಡನೆ ಗುರುಗೃಹದ ಆಶ್ರಯವನ್ನೂ ಪಡೆಯುತ್ತಿದ್ದನು. ಈ ಕಾಲದ ವಿಶ್ವವಿದ್ಯಾನಿಲಯಗಳಲ್ಲಿ ಗುರುಗಳಿಗೆ ಕೊರತೆಯಿಲ್ಲ; ಕುಲಕ್ಕೇ ಕೊರತೆ. ಬಹುಕಾಲ ಉಪಾಧ್ಯಾಯವೃತ್ತಿಯಲ್ಲಿದ್ದ ನಾವು ಒಂದನ್ನು ಚೆನ್ನಾಗಿ ಬಲ್ಲೆವು: ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ಹುಡುಗನು ಯಾವಾಗಲೂ ದಡ್ಡನಾಗಿರುವುದಿಲ್ಲ, ಅನೇಕ ವೇಳೆ ತನ್ನವರೆಂಬವರು ಅವನಿಗೆ ಅಲ್ಲಿರುವುದಿಲ್ಲ, ಅಷ್ಟೆ. ಈ ಕೊರತೆಯನ್ನು ಅಮೆರಿಕಾ ಸಂಯುಕ್ತ ಸಂಸ್ಥಾನದ ಕೆಲವು ವಿದ್ಯಾರ್ಥಿಗಳು ತಾವೇ ನೀಗಿಕೊಂಡ ಬಗೆಯನ್ನು ವಾಚಕ ಮಹಾಶಯರಿಗೆ ತಿಳಿಸಬೇಕೆಂದು ಈ ಲೇಖನವನ್ನು ಬರೆಯುತ್ತಿರುವೆವು.

ಮೆಕ್ಸಿಕೋ, ಕ್ಯೂಬಾ, ಪೋರ್ಟೊರಿಕೊ ಮೊದಲಾದ ನಾಡುಗಳ ಮೂಲದವರನ್ನು ಆ ದೇಶದಲ್ಲಿ ಲ್ಯಾಟಿನೋ ಜನರೆಂದು ಕರೆಯುವರು. ೨೦೨೦ನೆಯ ಇಸವಿಯ ಜನಗಣತಿಯಂತೆ ಇವರ ಸಂಖ್ಯೆಯು ಆರು ಕೋಟಿ ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ್ದಿತು. ಇವರೆಲ್ಲರೂ ಹೊರಗಿನಿಂದ ಬಂದವರೆಂದು ಭಾವಿಸಲಾಗದು. ೧೮೪೮ರಲ್ಲಿ ಯುದ್ಧವು ಮುಗಿದು ಮೆಕ್ಸಿಕೋ ದೇಶವು ತನ್ನ ವಿಶಾಲವಾದ ಉತ್ತರಭಾಗವನ್ನು ಬಿಟ್ಟುಕೊಟ್ಟಾಗ, ಅಲ್ಲಿದ್ದ ಜನರು ತಮ್ಮ ಹೊಲಮನೆಗಳಲ್ಲಿ ಇದ್ದಂತೆಯೇ ಬೇರೊಂದು ಸರ್ಕಾರದ ಆಳ್ವಿಕೆಗೆ ಒಳಪಟ್ಟರು. ನೆಲವು ಹಳೆಯದು, ದೇಶವು ಮಾತ್ರ ಹೊಸದು!

ಮಧ್ಯಭಾಗದ ಅಯೋವಾ ಪ್ರಾಂತದ ವಿಶ್ವವಿದ್ಯಾನಿಲಯದಲ್ಲಿ ಐವತ್ತು ವರ್ಷಗಳ ಹಿಂದೆ ಇಂತಹ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು ಮಂದಿಯಿದ್ದರು. ರಸ್ಟಿ ಬಾರ್ಸೆಲೊ ಎಂಬ ತರುಣಿಯೂ ಆಂಟೋನಿಯೊ ಸವಾಲಾ ಎಂಬ ತರುಣನೂ ಅವರಲ್ಲಿ ಸೇರಿದ್ದರು. ಅದೇ ಪ್ರಾಂತದ ಮೂಲನಿವಾಸಿಗಳಾದ ಮೆಸ್ಕ್ವಾಕಿ ಜನರಿಗೆ ಸೇರಿದ ರೂತ್ ಪುಶೆಟೊನೆಕ್ವಾ ಎಂಬಾಕೆಯೂ ಇವರೊಡನೆ ಕೂಡಿಕೊಂಡಳು. ಈ ಮೂವರ ಪ್ರಯತ್ನದಿಂದ ೧೯೭೧ರಲ್ಲಿ ಅಲ್ಲಿ ಒಂದು ಸಂಸ್ಕೃತಿಕೇಂದ್ರವು ಸ್ಥಾಪಿತವಾಯಿತು. ಒಂದೇ ಜನಾಂಗದವರು ಬಾಗಿಲು ಹಾಕಿಕೊಂಡು ಕುಳಿತ ಮನೆಯಲ್ಲ ಅದು. ಎರಡು ಜನಾಂಗದವರು ಕೂಡಿ ತೆರೆದ ಮನೆ. ಬಾರ್ಸೆಲೊ ಅವರು ಮುಂದೆ ಅದೇ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಕಡೆಗೆ ನ್ಯೂ ಮೆಕ್ಸಿಕೋ ಪ್ರಾಂತದ ಒಂದು ಕಾಲೇಜಿಗೆ ಅಧ್ಯಕ್ಷರಾದರು.

ಯೇಲ್ ವಿಶ್ವವಿದ್ಯಾನಿಲಯದಲ್ಲಿಯೂ ಇಂತಹುದೊಂದು ಮನೆಯುಂಟು. ಅದಕ್ಕೆ 'ಲಾ ಕಾಸಾ' ಎಂದು ಹೆಸರು; ಸ್ಪ್ಯಾನಿಷ್ ಭಾಷೆಯಲ್ಲಿ 'ಕಾಸಾ' ಎಂದರೆ ಮನೆಯೇ. ಪೋರ್ಟೊರಿಕೊ ದ್ವೀಪದ ಕವಯಿತ್ರಿ ಹೂಲಿಯಾ ದೆ ಬುರ್ಗೋಸ್ ಅವರ ಹೆಸರನ್ನು ಈ ಮನೆಗೆ ಇಟ್ಟಿರುವರು. ಈ ಸಾಧ್ವಿಯು ೧೯೫೩ರಲ್ಲಿ ನ್ಯೂಯಾರ್ಕ್ ನಗರದ ಬೀದಿಯಲ್ಲಿ ಕುಸಿದು ತೀರಿಕೊಂಡಾಗ, ಇಂತಹವಳೆಂದು ಗುರುತಿಸುವವರಿಲ್ಲದೆ, ದಿಕ್ಕಿಲ್ಲದವರನ್ನು ಹೂಳುವ ನೆಲದಲ್ಲಿ ಆಕೆಯನ್ನು ಹೂಳಿದರು. ಬಂಧುಮಿತ್ರರು ಅರಸಿ ಕಂಡುಹಿಡಿದ ಮೇಲೆ ದೇಹವು ಸ್ವದೇಶಕ್ಕೆ ಮರಳಿತು. ಪರಸ್ಥಳದಲ್ಲಿ ಗುರುತಿಲ್ಲದೆ ಅಳಿದ ಜೀವದ ಹೆಸರನ್ನು, ಪರಸ್ಥಳದ ಮಕ್ಕಳಿಗೆ ಗುರುತು ಕೊಡುವ ಮನೆಗೆ ಇಟ್ಟುದು ಎಷ್ಟು ಉಚಿತ!

ಇಂತಹ ಮನೆಗಳಲ್ಲಿ ನಡೆಯುವುದೇನು? ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಪಾಠ ಹೇಳುವರು. ಕಾಲೇಜಿನ ಮೆಟ್ಟಲನ್ನೇ ಹತ್ತದ ತಂದೆತಾಯಿಗಳ ಮಕ್ಕಳಿಗೆ ವಿದ್ಯಾರ್ಥಿವೇತನದ ಅರ್ಜಿಯನ್ನು ಬರೆಯುವ ಕ್ರಮವನ್ನು ತಿಳಿಸುವರು. ಜೋಳದ ಹಿಟ್ಟಿನ ತಮಾಲೆಯನ್ನು ಬೇಯಿಸಿ ಹಂಚಿಕೊಳ್ಳುವರು. ನವೆಂಬರ್ ಮೊದಲಲ್ಲಿ, ನಮ್ಮ ಪಿತೃಪಕ್ಷವನ್ನು ನೆನಪಿಗೆ ತರುವಂತೆ, ಗತಿಸಿದ ಹಿರಿಯರ ಪಟಗಳನ್ನಿಟ್ಟು ಚೆಂಡುಹೂಗಳಿಂದ ಅಲಂಕರಿಸುವರು. ನಾವು ಆಯುಧಪೂಜೆಗೆ ಕಟ್ಟುವ ಆ ಚೆಂಡುಹೂವಿನ ತವರು ಮೆಕ್ಸಿಕೋ ದೇಶವೇ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

ಆದರೆ ಸಾರ್ವಜನಿಕರ ಹಣದಿಂದ ಕೆಲವರಿಗೆ ಬೇರೆ ಮನೆಯೇಕೆ, ಇದರಿಂದ ಐಕಮತ್ಯವು ಕೆಡುವುದಿಲ್ಲವೆ ಎಂದು ಆಕ್ಷೇಪಿಸುವವರೂ ಅಲ್ಲುಂಟು. ಟೆಕ್ಸಾಸ್ ಪ್ರಾಂತದಲ್ಲಿ ಇಂತಹ ಅಭಿಪ್ರಾಯದ ಶಾಸನವೊಂದು ೨೦೨೪ರ ಜನವರಿಯಲ್ಲಿ ಜಾರಿಗೆ ಬಂದಿತು; ಆಸ್ಟಿನ್ ನಗರದ ವಿಶ್ವವಿದ್ಯಾನಿಲಯದಲ್ಲಿದ್ದ ಬಹುಸಂಸ್ಕೃತಿಕೇಂದ್ರವು ಮುಚ್ಚಿಹೋಯಿತು. ಆಕ್ಷೇಪವನ್ನು ತಳ್ಳಿಹಾಕತಕ್ಕದ್ದಲ್ಲ. ಬೇರೆ ಮನೆಯು ಬೇರೆ ಗೋಡೆಯಾಗಿಬಿಡುವ ಅಪಾಯವು ಇಲ್ಲದಿಲ್ಲ.

ನಮ್ಮ ಗೃಹಿಣಿಯರು ಇದಕ್ಕೆ ಉತ್ತರವನ್ನು ಬಲ್ಲರು. ತವರುಂಟೆಂಬ ಕಾರಣದಿಂದ ಯಾವ ಹೆಣ್ಣು ಗಂಡನ ಮನೆಯನ್ನು ತೊರೆದಳು? ಬೆನ್ನಿಗೆ ತವರಿದೆಯೆಂಬ ಧೈರ್ಯದಿಂದಲೇ ಆಕೆಯು ಹೊಸ ಮನೆಯನ್ನು ತನ್ನದಾಗಿ ಮಾಡಿಕೊಳ್ಳುವಳು. ತವರಿಲ್ಲದವಳ ಕಣ್ಣೀರು ಒಲೆಯ ಮುಂದೆಯೇ ಆರುವುದು. ವಿದ್ಯಾರ್ಥಿಯ ವಿಷಯವೂ ಹಾಗೆಯೇ. ಸಂಜೆ ಒಂದು ಗಳಿಗೆ ತನ್ನ ಮಾತನ್ನಾಡಿ, ತನ್ನ ಊಟವನ್ನುಂಡು ಬಂದವನು ಮಾರನೆಯ ದಿನ ಮುಂದಿನ ಬೆಂಚಿನಲ್ಲಿ ಕುಳಿತು ಪ್ರಶ್ನೆ ಕೇಳುವನು.

ದೂರದೂರಿಗೆ ಓದಲು ಹೊರಟ ಮಗುವಿನ ಪೆಟ್ಟಿಗೆಯಲ್ಲಿ ತಾಯಿಯು ಉಪ್ಪಿನಕಾಯಿಯ ಭರಣಿಯನ್ನಿಡುವುದು ಕೇವಲ ನಾಲಗೆಯ ರುಚಿಗಾಗಿ ಅಲ್ಲ. ಹಾಗೆಯೇ ನಮ್ಮ ಬೀದಿಗೆ ಪರಭಾಷೆಯ ಹುಡುಗನೊಬ್ಬನು ಓದಲು ಬಂದಾಗ, ಹಬ್ಬದ ದಿನ ಅವನನ್ನು ಊಟಕ್ಕೆ ಕರೆಯುವುದು ನಮ್ಮ ಕರ್ತವ್ಯ. ಕೇಂದ್ರವನ್ನು ಕಟ್ಟುವ ಶಕ್ತಿ ಎಲ್ಲರಿಗೂ ಇಲ್ಲದಿರಬಹುದು. ಒಂದು ಎಲೆಯನ್ನು ಹೆಚ್ಚಾಗಿ ಹಾಕುವ ಶಕ್ತಿ ಯಾವ ಮನೆಗೆ ಇಲ್ಲ?